ಇಪ್ಪತ್ತಾರು ಎಲೆಯ ಮದುವೆ

ಅಕ್ಕನ ಎರಡನೇ ಮದುವೆಗೆ ನಾವು ಹಾಕಿದ್ದು ಇಪ್ಪತ್ತಾರು ಎಲೆ. ನಮ್ಮ ಕಡೆಯವರು ಹದಿನಾಲ್ಕು ಜನ, ಗಂಡಿನ ಕಡೆಯಿಂದ ಕಳಸದವರು ಹನ್ನೆರಡು. ಕಾಫಿ ಒಣಗಿಸುವ ಕಣದ ಒಂದು ಮೂಲೆಗೆ ಚಪ್ಪರ ಹಾಕಿದ್ದೆವು, ಎರಡು ಸಾಲು ಚಾಪೆ ಹಾಸಿದ್ದೆವು. ಎರಡನೇ ಪಂಕ್ತಿ ಅನ್ನುವುದೇ ಇರಲಿಲ್ಲ. ಬಡಿಸಿದವರು ಕೊನೆಗೆ ಅದೇ ಸಾಲಿನ ತುದಿಯಲ್ಲಿ ಕೂತು ಉಂಡರು.

ಈಗ ನಮ್ಮ ಮೂಡಿಗೆರೆ ಕಡೆ ಮೂವತ್ತು ನಲವತ್ತು ಜನರ ಮದುವೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆಗ ಹಾಗಿರಲಿಲ್ಲ. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತಷ್ಟೆ. ಸಣ್ಣ ಮದುವೆ ಅಂದರೆ ಆ ಮನೆಯವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲೇ ಜನ ತಿಳಿಯುತ್ತಿದ್ದರು. ನಮ್ಮ ಮನೆಯ ಬಗ್ಗೆಯೂ ಹಾಗೇ ತಿಳಿದರು. ಆದರೆ ನಾವು ಮುಚ್ಚಿಟ್ಟಿದ್ದು ಏನೂ ಇರಲಿಲ್ಲ. ಮುಚ್ಚಿಡಲು ಅಕ್ಕ ಬಿಡಲಿಲ್ಲ.

ಅಕ್ಕನ ಮೊದಲ ಮದುವೆ ತೊಂಬತ್ತರ ದಶಕದ ನಡುವಿನಲ್ಲಿ ಆಗಿತ್ತು. ಕಾಫಿಗೆ ಒಳ್ಳೆ ರೇಟು ಬಂದ ಕಾಲ ಅದು. ಜಾವಳಿ ಸುತ್ತಮುತ್ತ ಎಂಟು ಹತ್ತು ಎಕರೆಯವರೂ ಮನೆಗೆ ಬಣ್ಣ ಹೊಡೆಸಿದರು, ಕೆಲವರು ಕಾರು ತಂದರು. ಮದುವೆಗಳೂ ಹಿಗ್ಗಿದವು. ಮನೆಯ ಮುಂದೆ ಚಪ್ಪರ ಹಾಕಿ ಮಾಡುತ್ತಿದ್ದವರೆಲ್ಲ ಮೂಡಿಗೆರೆಯ ಕಲ್ಯಾಣ ಮಂಟಪಕ್ಕೆ ಓಡಿದರು. ನಮ್ಮದು ಎಂಟು ಎಕರೆ ತೋಟ. ಆದರೂ ಅಕ್ಕನ ಮದುವೆಗೆ ನಾಲ್ಕು ಪಂಕ್ತಿ ಊಟ ನಡೆಯಿತು. ಎಲ್ಲವನ್ನೂ ನಿಂತು ಮಾಡಿಸಿದವರು ಅವ್ವನ ಅಣ್ಣ, ನಮ್ಮ ದೊಡ್ಡ ಮಾವ. ಅವರದು ನಮಗಿಂತ ಎಷ್ಟೋ ದೊಡ್ಡ ತೋಟ, ದೊಡ್ಡ ಮಾತು. ಸುತ್ತಲಿನ ಊರುಗಳಲ್ಲಿ ಯಾರ ಮನೆಯ ಮದುವೆಯಾದರೂ ಅಡುಗೆಯವರನ್ನು ಗೊತ್ತು ಮಾಡುವುದರಿಂದ ಹಿಡಿದು ದಿಬ್ಬಣ ಇದಿರುಗೊಳ್ಳುವವರೆಗೆ ಅವರು ಇರಲೇಬೇಕಿತ್ತು. ಸೋದರಮಾವನಾಗಿ ಅಕ್ಕನನ್ನು ಕೈ ಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ.

ಆ ದಿನ ಸಂಜೆ ಅಕ್ಕ ಚಪ್ಪಲಿ ಬಿಟ್ಟು ನನ್ನ ಮಡಿಲ ಮೇಲೆ ಕಾಲು ಚಾಚಿ ಹೇಳಿದ್ದು ನೆನಪಿದೆ. "ಬೆಳಗಿಂದ ಎಷ್ಟು ಜನಕ್ಕೆ ಕೈ ಮುಗಿದೆನೋ ಗೊತ್ತಿಲ್ಲ ಕಣೆ. ಒಬ್ಬರ ಮುಖಾನೂ ನೆನಪಿಲ್ಲ."

ಅಕ್ಕನ ಗಂಡ ಸಕಲೇಶಪುರದ ಕಡೆಯ ಹುಡುಗ. ಒಳ್ಳೆಯವರು, ಮಾತು ಕಡಿಮೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಜ್ವರ ಅಂತ ಮಲಗಿದವರು ಐದನೇ ದಿನ ತೀರಿಕೊಂಡರು. ಅಕ್ಕನಿಗೆ ಆಗ ಇಪ್ಪತ್ತಮೂರು. ಮಕ್ಕಳಿರಲಿಲ್ಲ. ತಿಥಿಯ ದಿನ ಮದುವೆಗೆ ಬಂದ ಜನರೇ ಮತ್ತೆ ಬಂದರು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು, ಗೋಡೆಗೆ ಒರಗಿ ಕೂತಿದ್ದ ಅಕ್ಕನನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮಾತಾಡಿಸಿದವರು ತೀರಾ ಕಡಿಮೆ.

ಒಂದು ವರ್ಷ ಅವಳು ಅತ್ತೆಯ ಮನೆಯಲ್ಲೇ ಇದ್ದಳು. ಆಮೇಲೆ ಒಂದು ದಿನ ಆ ಅತ್ತೆಯವರೇ ಬಸ್ಸಿನಲ್ಲಿ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರೂ ವಿಧವೆ. ಅಪ್ಪಯ್ಯನ ಎದುರು ಕೂತು ಹೇಳಿದರು, "ನಿಮ್ಮ ಮಗಳನ್ನ ಬಿಟ್ಟು ಹೋಗೋಕೆ ಬಂದೆ. ಕೋಪದಿಂದ ಅಲ್ಲ. ಉಳಿದ ಮಕ್ಕಳಿಗೆ ಮದುವೆ ಆದ್ರೆ ಅವರ ಸಂಸಾರಕ್ಕೆ ಅಡುಗೆ ಮಾಡ್ಕೊಂಡು ಇವಳ ಆಯುಷ್ಯ ಮುಗೀತದೆ. ನನ್ನದು ಹಾಗೇ ಮುಗೀತು. ಇಲ್ಲಿ ಇರ್ಲಿ. ನಾನು ಬಂದು ನೋಡ್ಕೊಂಡು ಹೋಗ್ತೀನಿ." ಹೇಳಿದಂತೆ ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದರು. ಬಂದಾಗಲೆಲ್ಲ ಅಕ್ಕನ ಜೊತೆ ಎರಡು ದಿನ ಇದ್ದು ಹೋಗುತ್ತಿದ್ದರು.

ಮನೆಯಲ್ಲಿ ಸುಮ್ಮನೆ ಕೂರಲಾಗದೆ ಅಕ್ಕ ಹಿತ್ತಲಿನ ನೆರಳಿನಲ್ಲಿ ಕಾಫಿ ಸಸಿಗಳನ್ನೂ ಮೆಣಸಿನ ಬಳ್ಳಿಗಳನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆಸತೊಡಗಿದಳು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಮೂವರೂ ಬೆಳಗಿನಿಂದ ಸಂಜೆಯವರೆಗೆ ಚೀಲಕ್ಕೆ ಮಣ್ಣು ತುಂಬುತ್ತ ಮಾತಾಡುವುದು ಅಡುಗೆಮನೆಗೆ ಕೇಳುತ್ತಿತ್ತು. ಎರಡು ವರ್ಷದಲ್ಲಿ ಮಾಕೋನಹಳ್ಳಿ, ಬಾಳೂರು, ಕಳಸದಿಂದೆಲ್ಲ ಬೆಳೆಗಾರರು ಬಳ್ಳಿ ಕೇಳಿಕೊಂಡು ಬರುವಂತಾಯಿತು.

ದೊಡ್ಡ ಮಾವ ಮಾತ್ರ ಅವಳೊಡನೆ ಮಾತಾಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಬಯ್ಯುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ. ಅವಳು ಕಾಫಿ ತಂದರೆ ಅವ್ವನ ಕಡೆ ನೋಡುತ್ತಲೇ ಲೋಟ ಎತ್ತಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಕಿರಿಯ ಮಗನಿಗೆ ಹೆಣ್ಣು ನೋಡಲು ನಮ್ಮ ಮನೆಯಿಂದಲೇ ಹೊರಟಿದ್ದರು. ಅಕ್ಕ ನೀರಿನ ಕ್ಯಾನ್ ಹಿಡಿದು ಗೇಟಿನ ಹತ್ತಿರ ಎದುರಾದಳು. ಮಾವ ನಿಂತರು. ತಿರುಗಿ ಒಳಗೆ ಬಂದು ಜಗುಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದು, ಅವಳು ಹಿತ್ತಲಿಗೆ ಹೋದ ಮೇಲೆ ಮತ್ತೆ ಹೊರಟರು. ಮನೆಯವರೆಲ್ಲ ನೋಡಿದೆವು. ಯಾರೂ ಏನೂ ಹೇಳಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಅಕ್ಕ ತವರಿಗೆ ಬಂದ ಮರುವರ್ಷ ನನ್ನ ಮದುವೆಯಾಯಿತು. ಅದೇ ಮಂಟಪ, ಅದೇ ಅಡುಗೆಯವರು, ದೊಡ್ಡ ಮಾವನದೇ ಯಜಮಾನಿಕೆ. ಧಾರೆಗೆ ಸ್ವಲ್ಪ ಮುಂಚೆ ನನಗೆ ಹೂ ಮುಡಿಸುತ್ತಿದ್ದ ಕೋಣೆಯ ಬಾಗಿಲಲ್ಲಿ ನಿಂತು ಮಾವ ಅವ್ವನಿಗೆ ಹೇಳಿದರು, "ಅವಳು ಸಾಮಾನಿನ ಕೋಣೇಲಿ ಕೂತ್ಕೊಳ್ಳಲಿ. ಯಾರಾದ್ರೂ ಕಾಯ್ಬೇಕಲ್ಲ." ಅವ್ವ ಹೂಂ ಅಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಬರಲಿ ಅಂತ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮದುಮಗಳ ಮಾತನ್ನು ಆ ಹೊತ್ತಿನಲ್ಲಿ ಯಾರೂ ತೆಗೆದುಹಾಕುವುದಿಲ್ಲ. ನಾನು ಹೇಳಲಿಲ್ಲ. ಎಲ್ಲಿ ಏನಾಗಿಬಿಡುತ್ತದೋ ಅನ್ನುವ ಭಯ ನನ್ನೊಳಗೂ ಇತ್ತು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಏಳೆಂಟುನೂರು ಜನರ ಎದುರು ನನ್ನ ಧಾರೆಯಾಯಿತು. ಒಡಹುಟ್ಟಿದ ಅಕ್ಕ ಗೋಡೆಯ ಆಚೆ, ಸೂಟ್‌ಕೇಸುಗಳ ನಡುವೆ ಕೂತಿದ್ದಳು.

ಅಕ್ಕನನ್ನು ಮದುವೆಯಾದ ಕಳಸದವರು ನಮ್ಮ ಮನೆಗೆ ಮೊದಲು ಬಂದದ್ದು ಮೆಣಸಿನ ಬಳ್ಳಿಗಾಗಿ. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ತಾಯಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ತಮ್ಮಂದಿರು ಪಾಲು ತೆಗೆದುಕೊಂಡು ಬೇರೆಯಾದ ಮೇಲೆ ತಾಯಿಯನ್ನು ನೋಡಿಕೊಳ್ಳುತ್ತ ಅವರ ವಯಸ್ಸು ಕಳೆದಿತ್ತು. ಮೂರು ಮಳೆಗಾಲ ಜೀಪಿನಲ್ಲಿ ಬಂದು ಬಳ್ಳಿ ಒಯ್ದರು. ಅಷ್ಟು ಬಳ್ಳಿ ಹಬ್ಬಿಸಲು ಅವರ ತೋಟದಲ್ಲಿ ಮರಗಳೇ ಇಲ್ಲ ಅಂತ ನಮಗೆ ಗೊತ್ತಾದದ್ದು ಆಮೇಲೆ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದರಂತೆ.

ಮೂರನೇ ವರ್ಷ ಬಳ್ಳಿಗಳನ್ನು ಜೀಪಿಗೆ ತುಂಬಿಸಿ, ಜಗುಲಿಗೆ ಬಂದು ಅಪ್ಪಯ್ಯನನ್ನು ಕೇಳಿದರು. ಅಕ್ಕನೂ ಅಲ್ಲೇ ನಿಂತಿದ್ದಳು, ಕೈಯೆಲ್ಲ ಮಣ್ಣು.

"ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತ ಇದೆ. ನಮ್ಮ ಅಮ್ಮನಿಗೂ ಹೇಳಿದೀನಿ."

ಅಪ್ಪಯ್ಯ ಅಕ್ಕನ ಕಡೆ ನೋಡಿ ಹೇಳಿದರು, "ನನ್ನನ್ನ ಎಂತಕ್ಕೆ ಕೇಳ್ತೀರಿ? ಅವಳೇ ಇದಾಳಲ್ಲ."

ಅಕ್ಕ ಒಂದು ವಾರ ಸಮಯ ಕೇಳಿದಳು. ಆ ವಾರದಲ್ಲಿ ಸಕಲೇಶಪುರಕ್ಕೆ ಹೋಗಿ ಅತ್ತೆಯವರಿಗೆ ಹೇಳಿ ಬಂದಳು. ಆಮೇಲೆ ಒಪ್ಪಿಕೊಂಡಳು. ಒಂದೇ ಷರತ್ತು. ಮದುವೆ ಮನೆಯಲ್ಲೇ ಆಗಬೇಕು, ಯಾರನ್ನು ಕರೆಯಬೇಕು ಅನ್ನುವುದನ್ನು ತಾನೇ ಬರೆಯುತ್ತೇನೆ ಅಂದಳು.

ನರ್ಸರಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಳು. ತಾನು, ಅಪ್ಪಯ್ಯ, ಅವ್ವ ಬಿಟ್ಟು ಹನ್ನೊಂದು ಹೆಸರು. ಮೊದಲನೆಯದು ಸಕಲೇಶಪುರದ ಅತ್ತೆ. ಆಮೇಲೆ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು. ಕಾಗದ ಇಲ್ಲದಿದ್ದರೂ ದಾರಿಯಲ್ಲಿ ನಿಂತು ಹೇಗಿದೀಯಮ್ಮ ಅಂತ ಕೇಳಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್. ಚಿಕ್ಕಂದಿನಲ್ಲಿ ಓದಿಸಿದ ಟೀಚರ್. ಪಕ್ಕದ ತೋಟದ ಮುದಿ ದಂಪತಿ. ಹೈಸ್ಕೂಲಿನ ಗೆಳತಿ, ಆ ಗೆಳತಿಯ ತಾಯಿ. ಹತ್ತನೆಯದು ನನ್ನದು, ಹನ್ನೊಂದನೆಯದು ನನ್ನ ಗಂಡನದು.

"ಇದೆಂಥ ಪಟ್ಟಿ?" ಅಂತ ಅವ್ವ ಕೇಳಿದಳು. "ನಿನ್ನ ಮಾವ ಎಲ್ಲಿ? ಚಿಕ್ಕಪ್ಪಂದಿರೆಲ್ಲಿ?"

"ಈ ಐದು ವರ್ಷ ನನ್ನ ಹತ್ರ ಮಾತಾಡಿದವರನ್ನ ಬರೆದಿದೀನಿ ಅವ್ವ. ಬೇರೆ ಯಾವ ಲೆಕ್ಕಾನೂ ಇಲ್ಲ."

ಅವ್ವ ಎದ್ದು ಒಳಗೆ ಹೋದಳು. ತನ್ನ ಸ್ವಂತ ಅಣ್ಣನನ್ನು ಬಿಟ್ಟ ಮದುವೆ ಅವಳಿಗೆ ಮದುವೆಯೇ ಅಲ್ಲ. ನಾಲ್ಕೈದು ದಿನ ಅವಳು ಅಕ್ಕನ ಹತ್ತಿರ ಮಾತಾಡಲಿಲ್ಲ.

ಆ ದಿನ ಹಿತ್ತಲಿನಲ್ಲಿ ನಾವಿಬ್ಬರೇ ಇದ್ದಾಗ ನಾನು ಕೇಳಿದೆ, "ನನ್ನ ಹೆಸರು ಯಾಕೆ ಅಷ್ಟು ಕೆಳಗೆ?"

ಅಕ್ಕ ಕೈಯಲ್ಲಿದ್ದ ಚೀಲಕ್ಕೆ ಮಣ್ಣು ತುಂಬಿ ಮುಗಿಸಿದಳು. "ಬರೀಬೇಕೋ ಬೇಡವೋ ಅಂತ ಯೋಚನೆ ಮಾಡ್ದೆ. ಅದಕ್ಕೇ ತಡ ಆಯ್ತು."

"ಸಾಮಾನಿನ ಕೋಣೆ ವಿಷಯಕ್ಕಾ?"

"ಬಾಗಿಲು ಸ್ವಲ್ಪ ತೆಗೆದಿಟ್ಕೊಂಡಿದ್ದೆ. ಜನ ಅಡ್ಡ ನಿಂತಿದ್ರು, ಏನೂ ಕಾಣಿಸ್ಲಿಲ್ಲ. ವಾಲಗ ಜೋರಾಯ್ತಲ್ಲ, ಆಗ ತಾಳಿ ಕಟ್ಟಿದ್ರು ಅಂತ ಗೊತ್ತಾಯ್ತು. ಅಲ್ಲೇ ಕೂತು ಅಕ್ಷತೆ ಹಾಕ್ದೆ. ಸೂಟ್‌ಕೇಸಿನ ಮೇಲೆ ಬಿತ್ತು."

ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. "ಬರೆದಿದೀನಲ್ಲ, ಬಾ," ಅಂದಳು. ಅಷ್ಟೇ. ನಾನು ತಪ್ಪಾಯಿತು ಅಂದೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ. ಅಂದಿರಲಾರೆ ಅಂತ ಕಾಣುತ್ತದೆ.

ಅಪ್ಪಯ್ಯ ಪಟ್ಟಿಯನ್ನು ಬದಲಿಸು ಅನ್ನಲಿಲ್ಲ. ಆದರೆ ಎರಡು ದಿನ ಬಿಟ್ಟು ಹೇಳಿದರು, "ಪಟ್ಟೀಲಿ ಇಲ್ಲದವರ ಮನೆಗಳಲ್ಲೂ ನಾವು ಮದುವೆ ಉಂಡಿದೀವಿ. ಕರೀದಿದ್ರೂ ಪರವಾಗಿಲ್ಲ, ಹೇಳ್ದೇ ಇರಬಾರ್ದು. ನಾನೇ ಹೋಗಿ ಹೇಳಿ ಬರ್ತೀನಿ." ನಮ್ಮ ಕಡೆ ಮದುವೆಗೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವುದು ದೊಡ್ಡ ಕೆಲಸ. ಮನೆಯ ಹೆಂಗಸೊಬ್ಬಳು ಜೊತೆಗಿರಬೇಕು. ಅವ್ವ ಬರಲು ಒಪ್ಪಲಿಲ್ಲ. ಹಾಗಾಗಿ ಕೊಟ್ಟಿಗೆಹಾರದ ಗಂಡನ ಮನೆಯಿಂದ ನಾನು ಮತ್ತೆ ಬಂದು ಅಪ್ಪಯ್ಯನ ಜೊತೆ ಹೊರಟೆ. ಕೈಯಲ್ಲಿ ಕುಂಕುಮವೂ ಇಲ್ಲ, ಲಗ್ನಪತ್ರಿಕೆಯೂ ಇಲ್ಲ.

ಮೊದಲ ಮನೆಯಲ್ಲಿ ಅಪ್ಪಯ್ಯ ಸುಳ್ಳು ಹೇಳಿದರು. ಯಜಮಾನರು ಕಾಫಿ ತರಿಸಿ ವಿಷಯ ಕೇಳಿದಾಗ, "ನೋಡಿ, ಕಾಫಿ ರೇಟು ಹೀಗೆ ಬಿದ್ದು ಹೋಯ್ತಲ್ಲ. ದೊಡ್ಡದಾಗಿ ಮಾಡೋ ಹಾಗಿಲ್ಲ. ಮನೇಲೇ ಮುಗಿಸ್ತೀವಿ" ಅಂದುಬಿಟ್ಟರು. ಅವರೂ ತಲೆ ಆಡಿಸಿದರು. ಆ ವರ್ಷ ರೇಟು ನಿಜವಾಗಿಯೂ ಬಿದ್ದಿತ್ತು. ಆ ಮಾತಿಗೆ ಯಾರೂ ಎದುರಾಡುವಂತಿರಲಿಲ್ಲ. ಆ ದಿನ ಹೋದ ಇನ್ನೂ ಎರಡು ಮನೆಗಳಲ್ಲಿ ಅದೇ ಮಾತು ನಡೆಯಿತು.

ಸಂಜೆ ಮನೆಗೆ ಬಂದಾಗ ಅಕ್ಕ ಕೇಳಿದಳು, "ಏನಂತ ಹೇಳಿದ್ರಿ?"

ಅಪ್ಪಯ್ಯ ಮುಚ್ಚಿಡದೆ ಹೇಳಿದರು.

"ರೇಟು ಚೆನ್ನಾಗಿದ್ದಿದ್ರೆ ಅವರನ್ನೆಲ್ಲ ಕರೀತಿದ್ವಾ ಅಪ್ಪಯ್ಯ?"

ಮರುದಿನ ಬೆಳಿಗ್ಗೆ ಅಪ್ಪಯ್ಯ ಹೊಸ ಮನೆಗೆ ಹೋಗುವ ಬದಲು ಹಿಂದಿನ ದಿನದ ಮೂರೂ ಮನೆಗಳಿಗೆ ನನ್ನನ್ನು ಮತ್ತೆ ಕರೆದುಕೊಂಡು ಹೋದರು. ಅರವತ್ತು ದಾಟಿದ ಮನುಷ್ಯ, ಬಾಗಿಲಲ್ಲೇ ನಿಂತು ಹೇಳಿದರು, "ನಿನ್ನೆ ನಾನು ಹೇಳಿದ್ದು ನಿಜ ಅಲ್ಲ. ನನ್ನ ಮಗಳಿಗೆ ತನ್ನ ಜೊತೆ ಮಾತಾಡಿದವರು ಮಾತ್ರ ಸಾಕಂತೆ. ಅವಳಿಷ್ಟದ ಹಾಗೇ ಮಾಡ್ತಿದೀನಿ. ನೀವು ಬೇಜಾರು ಮಾಡ್ಕೊಂಡ್ರೂ ಹೇಳಲೇಬೇಕಿತ್ತು."

ನಾಲ್ಕು ದಿನ ಹೀಗೆ ತಿರುಗಿದೆವು. ಒಂದು ಮನೆಯ ಹೆಂಗಸು ಎದ್ದು ನಿಂತು, "ಇದನ್ನ ಹೇಳೋಕೆ ಬಂದ್ರಾ, ಅವಮಾನ ಮಾಡೋಕೆ ಬಂದ್ರಾ?" ಅಂದರು. ಕಾಫಿ ಕೊಡಲಿಲ್ಲ. ಇನ್ನೊಂದು ಮನೆಯ ಯಜಮಾನರು ಅಪ್ಪಯ್ಯನ ಜೊತೆ ಗೇಟಿನವರೆಗೂ ಬಂದು, "ನನಗೂ ಮಗಳ ಮದುವೆ ಹೀಗೇ ಮಾಡ್ಬೇಕು ಅಂತ ಇದೆ ಮಾರಾಯ. ಧೈರ್ಯ ಸಾಲ್ತಿಲ್ಲ" ಅಂತ ಮೆಲ್ಲಗೆ ಹೇಳಿದರು. ಜಾವಳಿಯ ಹತ್ತಿರ ಅಕ್ಕನ ಓರಗೆಯವಳೊಬ್ಬಳು, ಮದುವೆಗೆ ಮೊದಲು ದಿನವೂ ನಮ್ಮ ಮನೆಗೆ ಬರುತ್ತಿದ್ದವಳು, ಕೇಳಿ ಅತ್ತಳು. "ನಾನು ಹೋಗಿ ಮಾತಾಡ್ಬೇಕಿತ್ತು. ಏನು ಮಾತಾಡ್ಲಿ ಅಂತ ಗೊತ್ತಾಗ್ದೆ ಹೋಗ್ಲೇ ಇಲ್ಲ," ಅಂದಳು. ಎರಡು ದಿನ ಬಿಟ್ಟು ಅವಳು ಮಗುವನ್ನೆತ್ತಿಕೊಂಡು ಬಂದು ನರ್ಸರಿಯಲ್ಲಿ ಅಕ್ಕನ ಜೊತೆ ಒಂದು ಗಂಟೆ ಕೂತಿದ್ದಳು. ಅಕ್ಕ ನಗುನಗುತ್ತಲೇ ಮಾತಾಡಿದಳು. ಆದರೂ ಅವಳ ಹೆಸರನ್ನು ಪಟ್ಟಿಗೆ ಸೇರಿಸಲಿಲ್ಲ. ಅದು ನನಗೆ ಆಗ ತುಸು ಕಠಿಣ ಅನ್ನಿಸಿತ್ತು.

ದೊಡ್ಡ ಮಾವನ ಮನೆಯನ್ನು ಅಪ್ಪಯ್ಯ ಕೊನೆಗೆ ಇಟ್ಟುಕೊಂಡಿದ್ದರು. ಮಾವನಿಗೆ ವಿಷಯ ಮೊದಲೇ ಮುಟ್ಟಿತ್ತು. ಜಗುಲಿಯ ಕುರ್ಚಿಯಲ್ಲಿ ಕೂತೇ ನಮ್ಮನ್ನು ಕೂರಲು ಹೇಳಿದರು. ಮಾವನ ಹೆಂಡತಿ, ನಮ್ಮ ಅತ್ತೆ, ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತರು.

"ಹೇಳಿ ಭಾವ," ಅಂದರು ಮಾವ.

ಅಪ್ಪಯ್ಯ ಹೇಳಿದರು. ಬೇರೆ ಮನೆಗಳಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದರು. ಒಂದು ಮಾತನ್ನೂ ಹೆಚ್ಚು ಕಡಿಮೆ ಮಾಡಲಿಲ್ಲ.

ಮಾವ ಅಂಗಳದ ಕಡೆ ನೋಡುತ್ತ ಕೇಳಿದರು, "ಸೋದರಮಾವ ಇಲ್ದೆ ಹೆಣ್ಣನ್ನ ಮಂಟಪಕ್ಕೆ ಯಾರು ಕರ್ಕೊಂಡು ಬರ್ತಾರೆ?"

"ಅವಳೇ ನಡ್ಕೊಂಡು ಬರ್ತಾಳಂತೆ."

"ನಾನು ಅವಳಿಗೆ ಏನು ಅಂದಿದೀನಿ ಭಾವ? ಒಂದು ದಿನ ಒಂದು ಕೆಟ್ಟ ಮಾತು ಅಂದಿದೀನಾ?"

"ಇಲ್ಲ. ನೀವು ಏನೂ ಅಂದಿಲ್ಲ. ಐದು ವರ್ಷ ಏನೂ ಅಂದಿಲ್ಲ." ಅಪ್ಪಯ್ಯನ ದನಿ ಏರಲಿಲ್ಲ. "ಆವತ್ತು ಗೇಟಿನಿಂದ ವಾಪಸ್ ಬಂದು ನೀರು ಕುಡಿದು ಹೋದ್ರಲ್ಲ, ಅದನ್ನ ಅವಳು ನೋಡಿದ್ಲು. ನಾನೂ ನೋಡ್ದೆ. ನಾನು ಆವತ್ತೇ ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪು ನನ್ನದೂ ಇದೆ."

"ಅದು ಹಿಂದಿನಿಂದ ಬಂದದ್ದು. ನಾನು ಮಾಡಿದ್ದಲ್ಲ," ಅಂದರು ಮಾವ.

ಅಪ್ಪಯ್ಯ ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದರು. ಮಾವ ಏಳಲಿಲ್ಲ. ಅತ್ತೆ ಮೆಟ್ಟಿಲವರೆಗೆ ಬಂದು ನನ್ನ ಕೈ ಒತ್ತಿದರು. ಗುಡ್ಡ ಇಳಿಯುವಾಗ ಅಪ್ಪಯ್ಯ ಎರಡು ಸಲ ನಿಂತು ಉಸಿರು ತೆಗೆದುಕೊಂಡರು.

ಮದುವೆಯ ದಿನ ಬೆಳಿಗ್ಗೆ ಅಡುಗೆ ನಾವೇ ಮಾಡಿದೆವು. ಅನ್ನ, ಸಾರು, ಎರಡು ಪಲ್ಯ, ಕೋಸಂಬರಿ, ಹೋಳಿಗೆ, ಪಾಯಸ. ಕಳಸದವರು ಎರಡು ಜೀಪಿನಲ್ಲಿ ಬಂದರು. ಮದುಮಗನ ತಾಯಿಯನ್ನು ಕುರ್ಚಿ ಸಮೇತ ಎತ್ತಿ ಇಳಿಸಿ ಚಪ್ಪರದ ಕೆಳಗೆ ಕೂರಿಸಿದರು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ, ಆದರೆ ಕಣ್ಣು ಎಲ್ಲ ಕಡೆ ಓಡಾಡುತ್ತಿತ್ತು.

ಒಳಗೆ ಅಕ್ಕ ಸೀರೆ ಉಟ್ಟು ಕೂತಿದ್ದಳು. ಬಳೆ ತೊಡಿಸಲು ಅವ್ವನನ್ನು ಕರೆಯಲು ಹೋದೆ. ಅಕ್ಕ ಬೇಡ ಅಂದಳು. ಸಕಲೇಶಪುರದ ಅತ್ತೆಯ ಕಡೆ ಕೈ ಚಾಚಿದಳು. ಆ ಮುದುಕಿ ಹಿಂದೆ ಸರಿದರು. "ನಾನು ಮುಟ್ಟಬಾರ್ದು ಮಗ. ನಿಮ್ಮವ್ವ ತೊಡಿಸ್ಲಿ."

"ನೀವೇ ತೊಡಿಸಿ," ಅಂದಳು ಅಕ್ಕ. ಕೈ ಹಾಗೇ ಚಾಚಿಕೊಂಡಿದ್ದಳು.

ಅವರು ಅವ್ವನ ಮುಖ ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವ್ವ ಒಳಗೆ ಬಂದು ಬಳೆಯ ತಟ್ಟೆಯನ್ನು ಎತ್ತಿ ಅವರ ಕೈಗೆ ಕೊಟ್ಟಳು. ಅವರು ಒಂದೊಂದಾಗಿ ಹಸಿರು ಬಳೆ ಏರಿಸಿದರು. ನಡುವೆ ಒಂದು ಬಳೆ ಒಡೆಯಿತು. ಯಾರೂ ಅದಕ್ಕೆ ಅರ್ಥ ಕಲ್ಪಿಸಲಿಲ್ಲ. ಅವ್ವ ಬಗ್ಗಿ ಚೂರು ಆರಿಸಿದಳು.

ಅಕ್ಕ ತಾನೇ ನಡೆದು ಚಪ್ಪರಕ್ಕೆ ಬಂದಳು. ಬಾಗಿಲಿನಿಂದ ಚಪ್ಪರಕ್ಕೆ ಹದಿನೈದು ಇಪ್ಪತ್ತು ಹೆಜ್ಜೆ ಅಷ್ಟೆ. ನಡುವೆ ನಿಂತು, ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಅಪ್ಪಯ್ಯ ಅವ್ವ ಧಾರೆ ಎರೆದರು. ಪುರೋಹಿತರು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಬೇರೆ ಊರಿಗೆ ಹೋಗುವುದಿದೆ ಅಂತ ಹೊರಟರು. ನಾನು ಅಕ್ಷತೆ ಹಾಕುವಾಗ ಅಕ್ಕ ನನ್ನನ್ನೂ ನೋಡಿದಳು. ಆ ನೋಟದಲ್ಲಿ ಕ್ಷಮೆ ಇತ್ತು ಅಂತ ಹೇಳಲಾರೆ. ನಾನು ಅಲ್ಲಿದ್ದೇನೆ ಅನ್ನುವುದನ್ನು ಅವಳು ಗುರುತಿಸಿದಳು, ಅಷ್ಟು ಗೊತ್ತು.

ಊಟಕ್ಕೆ ಕೂರುವಾಗ ಕೆಲಸದ ಹೆಂಗಸರಿಬ್ಬರೂ ಹಿಂದೆ ಹಿಂದೆ ಹೋದರು. ಅಕ್ಕ ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಅವ್ವನಿಗೆ ಅದೂ ಕಷ್ಟವಾಯಿತು. ಅವಳ ಕಾಲದ ಮನೆಗಳಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಆದರೆ ಅವರಿಬ್ಬರ ಎಲೆಗೂ ಹೋಳಿಗೆ ಬಡಿಸಿದವಳು ಅವಳೇ. ಊಟದ ಮೇಲೆ ಪೋಸ್ಟ್‌ಮ್ಯಾನ್ ಎದ್ದು ನಿಂತು, ಅಕ್ಕನಿಗೆ ಕೈ ಮುಗಿದು ಕೂತರು. ಮಧ್ಯಾಹ್ನ ಮೂರು ಗಂಟೆಗೆ ಜೀಪುಗಳು ಹೊರಟವು. ಕಣ ಗುಡಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಆಮೇಲಿನ ನಾಲ್ಕೈದು ವರ್ಷಗಳಲ್ಲಿ ನಮ್ಮ ಕಡೆ ಮದುವೆಗಳು ನಿಜವಾಗಿಯೂ ಸಣ್ಣದಾಗುತ್ತ ಬಂದವು. ಮೊದಮೊದಲು ರೇಟು ಬಿದ್ದದ್ದಕ್ಕೆ. ಗೇಟಿನವರೆಗೆ ಬಂದು ಧೈರ್ಯ ಸಾಲದು ಅಂದಿದ್ದ ಯಜಮಾನರೂ ಮಗಳ ಮದುವೆಯನ್ನು ಮನೆಯಲ್ಲೇ, ಐವತ್ತು ಜನರ ಎದುರು ಮಾಡಿದರು. ಆಮೇಲೆ ರೇಟು ಸುಧಾರಿಸಿದರೂ ಆ ರೂಢಿ ಉಳಿಯಿತು. ಓದಿ ಬಂದ ಮಕ್ಕಳು, ಗುರುತಿಲ್ಲದ ಜನಕ್ಕೆ ಯಾಕೆ ಕೈ ಮುಗಿಯಬೇಕು ಅನ್ನತೊಡಗಿದರು. ಎಸ್ಟೇಟ್ ಬಂಗಲೆಗಳ ಹುಲ್ಲುಹಾಸಿನ ಮೇಲೆ, ನೆಂಟರಲ್ಲಿ ಆಯ್ದವರನ್ನು ಕರೆದು ಮಾಡುವುದೇ ಚೆಂದ ಅನ್ನಿಸಿಕೊಂಡಿತು. ಕೆಲವರು ನನ್ನ ಹತ್ತಿರ, "ನಿಮ್ಮಕ್ಕನೇ ಅಲ್ವಾ ಮೊದಲು ಮಾಡಿದ್ದು?" ಅಂತ ಹೊಗಳುವ ಹಾಗೆ ಹೇಳುತ್ತಿದ್ದರು. ನಾನು ಸುಮ್ಮನೆ ನಗುತ್ತಿದ್ದೆ. ಅಕ್ಕ ಚೆಂದಕ್ಕೆ ಮಾಡಿದ್ದಲ್ಲ ಅಂತ ವಿವರಿಸುವುದು ಹೇಗೆ?

ಅಪ್ಪಯ್ಯ ತೀರಿಕೊಂಡ ಎರಡು ವರ್ಷಕ್ಕೆ ದೊಡ್ಡ ಮಾವನ ಮೊಮ್ಮಗಳ ಮದುವೆಯಾಯಿತು. ಅವರದೇ ತೋಟದ ಬಂಗಲೆಯಲ್ಲಿ, ನಲವತ್ತು ಜನರ ಮದುವೆ. ನಮಗೆ ಕರೆ ಬರಲಿಲ್ಲ. ಅವ್ವನಿಗೂ ಬರಲಿಲ್ಲ. ಮದುವೆಯ ಮರುವಾರ ಯಾರೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿ ಗೊತ್ತಾಯಿತು. ಅಕ್ಕನ ಮದುವೆಯ ಮುಯ್ಯಿ ತೀರಿಸಿಕೊಂಡರು ಅಂತ ನಾನು ಕಿಡಿಕಿಡಿಯಾದೆ. ಅವ್ವ ಮಾತ್ರ ಒಂದು ಹೊತ್ತು ಊಟ ಬಿಟ್ಟಳು. "ನನ್ನ ತವರಿನ ಮದುವೆ. ನನ್ನನ್ನೇ ಬಿಟ್ಟರಲ್ಲ," ಅನ್ನುವುದೊಂದೇ ಮಾತು.

ನಾನು ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು ಫೋನ್ ಇಟ್ಟಳು. ಮರುದಿನ ಬೆಳಿಗ್ಗೆ ಕಳಸದಿಂದ ಜೀಪು ಬಂತು. ಅಕ್ಕನ ಗಂಡ ಓಡಿಸುತ್ತಿದ್ದರು. ಅಕ್ಕ ಇಳಿದು ಅವ್ವನಿಗೆ, "ಸೀರೆ ಉಟ್ಕೋ, ಮಾವನ ಮನೆಗೆ ಹೋಗಿ ಬರೋಣ" ಅಂದಳು. ಅವಳು ಆ ಮನೆಯ ಮೆಟ್ಟಿಲು ಹತ್ತಿ ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ನಾನೂ ಹೋದೆ.

ಮಾವ ತೀರಾ ಇಳಿದುಹೋಗಿದ್ದರು. ಕೋಲು ಹಿಡಿದು ಜಗುಲಿಗೆ ಬಂದರು. ಅವ್ವನನ್ನು ನೋಡಿದ್ದೇ ಹೇಳತೊಡಗಿದರು.

"ಹುಡುಗರು ಪಟ್ಟಿ ಮಾಡಿದ್ದು ಕಣೆ. ನನ್ನನ್ನ ಯಾರು ಕೇಳ್ತಾರೆ? ನನ್ನ ತಂಗಿ ಹೆಸರು ಎಲ್ಲಿ ಅಂದೆ. ಅಜ್ಜ, ಅವರನ್ನ ಕರೆದ್ರೆ ಇನ್ನೂ ಇಪ್ಪತ್ತು ಜನಾನ ಕರೀಬೇಕಾಗ್ತದೆ ಅಂದ್ರು."

ಅವ್ವ ಅಣ್ಣನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಮಾವ ಆಮೇಲೆ ಅಕ್ಕನ ಕಡೆ ತಿರುಗಿದರು. ನೇರವಾಗಿ ಅವಳನ್ನೇ ನೋಡಿ ಮಾತಾಡಿದರು.

"ನಿಮ್ಮಪ್ಪ ಬಂದು ಹೇಳಿ ಹೋದ. ಅಷ್ಟು ದೂರ ನಡ್ಕೊಂಡು ಬಂದು, ಮುಖಕ್ಕೆ ಮುಖ ಕೊಟ್ಟು ಹೇಳಿದ. ನಾನು ಎದ್ದು ಕಳಿಸಿಕೊಡ್ಲೂ ಇಲ್ಲ. ನಾವು ಹೇಳೋಕೂ ಹೋಗ್ಲಿಲ್ಲ ನೋಡು."

ಅಕ್ಕ ಕೇಳಿದಳು, "ಮದುಮಗಳು ಹೇಗಿದಾಳೆ ಮಾವ? ಅವಳ ಫೋಟೋ ಇದ್ರೆ ಅವ್ವನಿಗೆ ತೋರಿಸಿ."

ಅತ್ತೆ ಆಲ್ಬಮ್ ತಂದರು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದು ಫೋಟೋವನ್ನೂ ಬಹಳ ಹೊತ್ತು ನೋಡಿದಳು. ಊಟ ಮಾಡಿಕೊಂಡೇ ಹೋಗಬೇಕು ಅಂದರು, ಮಾಡಿದೆವು. ಬಡಿಸುವಾಗ ಮಾವ ಅಕ್ಕನಿಗೆ, "ಇನ್ನೂ ಸ್ವಲ್ಪ ಹಾಕಿಸ್ಕೊ" ಅಂತ ಎರಡು ಸಲ ಹೇಳಿದರು. ಹೊರಡುವಾಗ ಕೋಲೂರಿಕೊಂಡು ಜೀಪಿನವರೆಗೂ ಬಂದು, ಮತ್ತೆ ಬಾ ಅಂದರು.

"ನೋಡೋಣ ಮಾವ. ಕೊಯ್ಲು ಮುಗೀಲಿ," ಅಂದಳು ಅಕ್ಕ.

ಅದು ಅವಳು ತಪ್ಪಿಸಿಕೊಳ್ಳುವ ಮಾತು ಅಂತ ನಾನು ತಿಳಿದಿದ್ದೆ. ಮುಂದಿನ ಮಳೆಗಾಲದಲ್ಲಿ ಮಾವ ಹೋದರು. ಸಾವಿನ ಮನೆಯಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕೊಯ್ಲು ಮುಗಿದ ಮೇಲೆ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಮೂರು ಸಲ ಬಂದು ಹೋಗಿದ್ದಳಂತೆ. ಮಾವನ ಹತ್ತಿರ ಕೂತು ಮಾತಾಡುತ್ತಿದ್ದಳಂತೆ. ಏನು ಮಾತಾಡಿದರು ಅಂತ ಅತ್ತೆಗೂ ಗೊತ್ತಿಲ್ಲ. ಅಕ್ಕ ಆ ವಿಷಯವನ್ನು ನನಗೆ ಹೇಳಿರಲಿಲ್ಲ. ನಾನೂ ಅವಳನ್ನು ಕೇಳಿಲ್ಲ.